ಮೊದಲು ಕಥೆ, ಆಮೇಲೆ ಕಥೆಗಾರ

ವಿಜ್ಞಾನ ಕಥೆ ಬರೆಯಲು ಹೊರಟ ಹೊಸಬರಿಗೆ ಎರಡು ಪ್ರಶ್ನೆಗಳು ಬೇಗನೆ ಎದುರಾಗುತ್ತವೆ. ಯಾವ ಹೆಸರಿನಲ್ಲಿ ಬರೆಯಬೇಕು ಎಂಬುದು ಒಂದು. ಬರಹಗಾರರೂ ಸಂಪಾದಕರೂ ಓದುಗರೂ ಒಟ್ಟಿಗೆ ಸೇರುವ ಸಮ್ಮೇಳನಗಳಿಗೆ ಹೋಗಿ ಮುಖ ತೋರಿಸಬೇಕೇ ಎಂಬುದು ಇನ್ನೊಂದು. ಎರಡನೆಯದಕ್ಕೆ ಎಲ್ಲರ ಬಳಿಯೂ ಉತ್ತರ ಸಿದ್ಧವಿದೆ: ಹೋಗಲೇಬೇಕು, ನಾಲ್ಕು ಜನರ ಪರಿಚಯವಿಲ್ಲದೆ ಈ ಕಾಲದಲ್ಲಿ ಬರಹಕ್ಕೆ ಬೆಲೆಯಿಲ್ಲ. ಮೊದಲನೆಯದನ್ನು ಮಾತ್ರ ಶೋಕಿಯ ವಿಷಯವೆಂದು ಬದಿಗೆ ಸರಿಸುತ್ತಾರೆ, ಇಲ್ಲವೇ ಸ್ವಂತ ಹೆಸರು ಬಿಟ್ಟು ಬರೆಯುವವರಿಗೆ ಏನೋ ಅಳುಕಿದೆ ಎಂದುಕೊಳ್ಳುತ್ತಾರೆ. ಆದರೆ ಈ ಪ್ರಕಾರದ ಚರಿತ್ರೆಯನ್ನು ನೋಡಿದರೆ ಎರಡು ಪ್ರಶ್ನೆಗಳನ್ನೂ ಬೇರೆ ಬೇರೆ ಮಾಡಿ ಉತ್ತರಿಸಲಾಗದು ಎಂಬುದು ತಿಳಿಯುತ್ತದೆ. ಕಾವ್ಯನಾಮವು ಕಥೆಯನ್ನು ಕಥೆಯಾಗಿಯೇ ಓದಿಸುವ ಉಪಾಯ. ಸಮ್ಮೇಳನವು ಬರೆಯುವವರಿಗೆ ಜೊತೆಗಾರರನ್ನು ಕೊಡುವ ಜಾಗ. ಹೊಸಬರಿಗೆ ಎರಡೂ ಬೇಕು. ಹೆಸರು ಬದಲಿಸಿಕೊಂಡ ಕಾರಣಕ್ಕೆ ಜೊತೆಗಾರರನ್ನು ಕಳೆದುಕೊಳ್ಳಬೇಕಾಗಿ ಬಂದರೆ ಅದು ಆ ಬರಹಗಾರರ ತಪ್ಪಲ್ಲ. ಬರೆದವರು ಯಾರೆಂದು ಅಳೆದು ಆಮೇಲೆ ಕಥೆಯನ್ನು ಕೈಗೆತ್ತಿಕೊಳ್ಳುವ ಸಂಪಾದಕರ, ಓದುಗರ, ಸಂಘಟಕರ ತಪ್ಪು ಎಂಬುದು ನನ್ನ ವಾದ.

ಸಮ್ಮೇಳನಗಳು ಕೊಡುವುದೇನು ಎಂಬುದನ್ನು ಮೊದಲು ಒಪ್ಪಿಕೊಳ್ಳೋಣ. 1937ರ ಜನವರಿಯಲ್ಲಿ ಇಂಗ್ಲೆಂಡಿನ ಲೀಡ್ಸ್ ಊರಿನಲ್ಲಿ ಬೆರಳೆಣಿಕೆಯ ಅಭಿಮಾನಿಗಳು ಸೇರಿದಾಗ ಅವರಲ್ಲಿ ಇನ್ನೂ ಹೆಸರು ಮಾಡಿರದ ಆರ್ಥರ್ ಸಿ. ಕ್ಲಾರ್ಕ್ ಇದ್ದರು. 1939ರ ಜುಲೈನಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ವರ್ಲ್ಡ್‌ಕಾನ್, ಅಂದರೆ ವಿಶ್ವ ವಿಜ್ಞಾನ ಕಥಾ ಸಮ್ಮೇಳನ, ನಡೆಯಿತು. ಬಂದವರು ಹೆಚ್ಚುಕಡಿಮೆ 200 ಜನ. ಹತ್ತೊಂಬತ್ತರ ಐಸಾಕ್ ಅಸಿಮೋವ್ ಅಲ್ಲಿದ್ದರು. ಹದಿನೆಂಟರ ರೇ ಬ್ರಾಡ್ಬರಿ ಗೆಳೆಯ ಫಾರೆಸ್ಟ್ ಆಕರ್‌ಮನ್ ಅವರಿಂದ ಸಾಲ ಪಡೆದು ಲಾಸ್ ಏಂಜಲೀಸ್‌ನಿಂದ ಬಸ್ಸಿನಲ್ಲಿ ಅಷ್ಟು ದೂರ ಬಂದಿದ್ದರು. ಆ ಕಾಲದ ಅತಿ ಪ್ರಭಾವಿ ಸಂಪಾದಕ ಜಾನ್ ಕ್ಯಾಂಪ್‌ಬೆಲ್ ಅದೇ ಸಭಾಂಗಣದಲ್ಲಿದ್ದರು. ಅಗ್ಗದ ಕಾಗದದ ಪತ್ರಿಕೆಗಳಲ್ಲಿ ಬರುತ್ತಿದ್ದ ಈ ಕಥೆಗಳನ್ನು ದೊಡ್ಡ ಸಾಹಿತ್ಯವಲಯ ಮೂಸಿಯೂ ನೋಡದಿದ್ದ ಹೊತ್ತಿನಲ್ಲಿ, ನಿನ್ನಂತೆಯೇ ಯೋಚಿಸುವ ಇತರರೂ ಇದ್ದಾರೆ ಎಂಬ ಧೈರ್ಯವನ್ನು ಆ ಹುಡುಗರಿಗೆ ಕೊಟ್ಟದ್ದು ಇಂಥ ಕೂಟಗಳೇ. ಆದರೆ ಅದೇ 1939ರಲ್ಲಿ ಇನ್ನೊಂದೂ ನಡೆಯಿತು. ಫ್ರೆಡರಿಕ್ ಪೋಲ್, ಡೊನಾಲ್ಡ್ ವೋಲ್‌ಹೈಮ್, ಸಿರಿಲ್ ಕಾರ್ನ್‌ಬ್ಲೂತ್ ಸೇರಿದಂತೆ ಆರು ಯುವಕರನ್ನು, ಅವರು ಗಲಾಟೆ ಮಾಡಿಯಾರೆಂಬ ಶಂಕೆಯ ಮೇಲೆ, ಸಂಘಟಕರು ಬಾಗಿಲಲ್ಲೇ ತಡೆದರು. ಮುಂದೆ ಈ ಸಾಹಿತ್ಯವನ್ನು ಕಟ್ಟಿ ಬೆಳೆಸಿದವರ ಸಾಲಿನಲ್ಲಿ ಆ ಮೂವರ ಹೆಸರುಗಳೂ ಇವೆ. ಮುಖ ನೋಡಿ ಮಣೆ ಹಾಕುವ ಜಾಗದಲ್ಲಿ ಮುಖ ನೋಡಿ ಹೊರಗಿಡುವುದೂ ಇರುತ್ತದೆ ಎಂಬುದು ಮೊದಲ ಸಮ್ಮೇಳನದಲ್ಲೇ ಸಾಬೀತಾಯಿತು.

ಇನ್ನು ಹೆಸರಿನ ವಿಷಯ. ವಿಜ್ಞಾನ ಕಥೆಗಾರರು ಬೇರೆ ಹೆಸರಿನಲ್ಲಿ ಬರೆದದ್ದಕ್ಕೆ ಕಾರಣಗಳು ಹಲವು, ಬಹುಪಾಲು ಕಾರಣಗಳು ಸಂಸಾರವಂತರ ನೇರ ಲೆಕ್ಕಾಚಾರಗಳು. 1933ರಲ್ಲಿ ‘ಶಾಂಬ್ಲೋ’ ಕಥೆಯಿಂದ ಹೆಸರಾದ ಕ್ಯಾಥರೀನ್ ಮೂರ್ ತಮ್ಮನ್ನು ಸಿ.ಎಲ್. ಮೂರ್ ಎಂದಷ್ಟೇ ಕರೆದುಕೊಂಡರು. ಹೆಣ್ಣೆಂಬುದನ್ನು ಮುಚ್ಚಿಡಲು ಹಾಗೆ ಮಾಡಿದರೆಂದು ಬಹಳ ಜನ ತಿಳಿದಿದ್ದಾರೆ. ನಿಜವಾಗಿ ಅವರಿಗಿದ್ದದ್ದು ಆರ್ಥಿಕ ಕುಸಿತದ ಆ ವರ್ಷಗಳಲ್ಲಿ ಬ್ಯಾಂಕಿನ ಕೆಲಸ ಕಳೆದುಕೊಳ್ಳುವ ಭಯ. ಹೆನ್ರಿ ಕಟ್ನರ್ ಎಂಬ ಕಥೆಗಾರ ಅವರನ್ನು ಗಂಡಸೆಂದೇ ನಂಬಿ ಮೆಚ್ಚುಗೆಯ ಪತ್ರ ಬರೆದರು; 1940ರಲ್ಲಿ ಇಬ್ಬರೂ ಮದುವೆಯಾಗಿ, ಒಟ್ಟಿಗೆ ಬರೆದ ಕಥೆಗಳಿಗೆ ಮತ್ತೊಂದು ಕಾವ್ಯನಾಮ ಇಟ್ಟುಕೊಂಡರು. ರಾಬರ್ಟ್ ಹೈನ್‌ಲೈನ್ ಅವರ ಕಥೆಗಳು ಒಂದೇ ಸಂಚಿಕೆಯಲ್ಲಿ ಎರಡೆರಡು ಬರುತ್ತಿದ್ದುದರಿಂದ ಅವರು ಆನ್ಸನ್ ಮೆಕ್‌ಡೊನಾಲ್ಡ್ ಕೂಡ ಆದರು. ಅಸಿಮೋವ್ ಮಕ್ಕಳಿಗಾಗಿ ಬರೆದ ಸಾಹಸ ಕಾದಂಬರಿಗಳು ಟಿ.ವಿ. ಧಾರಾವಾಹಿಯಾಗಿ ಕೆಟ್ಟರೆ ತಮ್ಮ ಹೆಸರಿಗೆ ಮಸಿ ಹತ್ತೀತೆಂದು ಪಾಲ್ ಫ್ರೆಂಚ್ ಹೆಸರನ್ನು ಬಳಸಿದರು. ಪೂರ್ವ ಏಷ್ಯಾದ ರಾಜಕೀಯದ ವಿದ್ವಾಂಸರಾಗಿ ಅಮೆರಿಕದ ಸೇನೆಗೂ ಸಲಹೆ ಕೊಡುತ್ತಿದ್ದ ಪಾಲ್ ಲೈನ್‌ಬಾರ್ಗರ್ ಕಥಾಲೋಕದಲ್ಲಿ ಕಾರ್ಡ್‌ವೇನರ್ ಸ್ಮಿತ್ ಆಗಿಯೇ ಉಳಿದರು. ನಮ್ಮ ಹತ್ತಿರದ ಉದಾಹರಣೆಯೂ ಇದೆ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲಿ ಎಂಜಿನಿಯರ್ ಆಗಿ, ವಿದ್ಯುನ್ಮಾನ ಮತಯಂತ್ರದ ಕೆಲಸದಲ್ಲೂ ಪಾಲ್ಗೊಂಡಿದ್ದ ಎಸ್. ರಂಗರಾಜನ್, ತಮಿಳಿನಲ್ಲಿ ಆಗಲೇ ಇನ್ನೊಬ್ಬ ರಂಗರಾಜನ್ ಬರೆಯುತ್ತಿದ್ದುದರಿಂದ, ಹೆಂಡತಿಯ ಹೆಸರನ್ನೇ ತೆಗೆದುಕೊಂಡು ‘ಸುಜಾತಾ’ ಆದರು. ತಮಿಳು ಓದುಗರಿಗೆ ವಿಜ್ಞಾನ ಕಥೆಯ ರುಚಿ ಹತ್ತಿಸಿದ್ದು ಆ ಹೆಸರು. ಇವರಲ್ಲಿ ಯಾರೂ ಯಾರಿಗೂ ಮೋಸ ಮಾಡಲಿಲ್ಲ. ಹೊಟ್ಟೆಪಾಡಿನ ಕೆಲಸ ಮತ್ತು ಬರವಣಿಗೆ ಎರಡನ್ನೂ ಉಳಿಸಿಕೊಂಡರು, ಅಷ್ಟೆ.

ಆದರೆ ನನ್ನ ವಾದಕ್ಕೆ ಗಟ್ಟಿ ಸಾಕ್ಷಿ ಸಿಗುವುದು ಜೇಮ್ಸ್ ಟಿಪ್‌ಟ್ರೀ ಜೂನಿಯರ್ ಎಂಬ ಹೆಸರಿನಲ್ಲಿ. 1968ರಿಂದ ಈ ಹೆಸರಿನಲ್ಲಿ ಕಥೆಗಳು ಅಚ್ಚಾಗತೊಡಗಿದವು. ಲೇಖಕರನ್ನು ಕಂಡವರಿಲ್ಲ, ದನಿ ಕೇಳಿದವರಿಲ್ಲ. ವರ್ಜೀನಿಯಾದ ಮೆಕ್ಲೀನ್ ಊರಿನ ಒಂದು ಅಂಚೆ ಪೆಟ್ಟಿಗೆಯ ಸಂಖ್ಯೆ ಮಾತ್ರ ಎಲ್ಲರಿಗೂ ಗೊತ್ತಿತ್ತು. 1974ರಲ್ಲಿ ಕಿರುಕಾದಂಬರಿಯೊಂದಕ್ಕೆ ವರ್ಲ್ಡ್‌ಕಾನ್‌ನಲ್ಲಿ ಕೊಡುವ ಹ್ಯೂಗೊ ಪ್ರಶಸ್ತಿ ಬಂದಾಗ ಆ ಸಮ್ಮೇಳನ ನಡೆದದ್ದು ಮೆಕ್ಲೀನ್‌ಗೆ ತೀರ ಹತ್ತಿರದ ವಾಷಿಂಗ್ಟನ್‌ನಲ್ಲಿ. ಆದರೂ ಟಿಪ್‌ಟ್ರೀ ವೇದಿಕೆಗೆ ಬರಲಿಲ್ಲ. 1975ರಲ್ಲಿ ಅವರ ಕಥಾಸಂಕಲನಕ್ಕೆ ಮುನ್ನುಡಿ ಬರೆದ ರಾಬರ್ಟ್ ಸಿಲ್ವರ್‌ಬರ್ಗ್, ಇದು ಹೆಣ್ಣಿನ ಬರವಣಿಗೆ ಇರಬಹುದೆಂಬ ಊಹೆಯನ್ನು ತಳ್ಳಿಹಾಕಿ, ಈ ಶೈಲಿಯಲ್ಲಿ ಅಲ್ಲಗಳೆಯಲಾಗದ ಗಂಡುತನವಿದೆ ಎಂಬ ಅರ್ಥದ ಮಾತು ಬರೆದರು. 1976ರಲ್ಲಿ ಟಿಪ್‌ಟ್ರೀ ಅವರ ತಾಯಿ ತೀರಿಕೊಂಡರು. ಪತ್ರಗಳಲ್ಲಿ ಬಂದಿದ್ದ ವಿವರಗಳಿಗೂ ಪತ್ರಿಕೆಯ ನಿಧನವಾರ್ತೆಗೂ ತಾಳೆ ನೋಡಿದಾಗ ಗುಟ್ಟು ಬಿಚ್ಚಿಕೊಂಡಿತು. ಟಿಪ್‌ಟ್ರೀ ಅರುವತ್ತು ದಾಟಿದ ಆಲಿಸ್ ಶೆಲ್ಡನ್. ಎರಡನೇ ಮಹಾಯುದ್ಧದಲ್ಲಿ ವಾಯುಸೇನೆಯ ಛಾಯಾಚಿತ್ರ ವಿಶ್ಲೇಷಣೆ ಮಾಡಿದ, ಸಿ.ಐ.ಎ.ಯಲ್ಲಿ ದುಡಿದ, ಆಮೇಲೆ ಮನೋವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಮಹಿಳೆ. ಸಿಲ್ವರ್‌ಬರ್ಗ್ ತಮ್ಮ ತಪ್ಪನ್ನು ದೊಡ್ಡ ಮನಸ್ಸಿನಿಂದ ಒಪ್ಪಿಕೊಂಡರು. ಅವರನ್ನು ಗೇಲಿ ಮಾಡಲು ನಾನಿದನ್ನು ನೆನೆಯುತ್ತಿಲ್ಲ. ಅವರಷ್ಟು ಒಳ್ಳೆಯ ಓದುಗರೂ ಪುಟದಲ್ಲಿ ಇಲ್ಲದ್ದನ್ನು ಹೆಸರಿನಿಂದ ಊಹಿಸಿ ಪುಟಕ್ಕೆ ಅಂಟಿಸಿದರು ಎಂಬುದೇ ಇಲ್ಲಿ ಮುಖ್ಯ. ಗುಟ್ಟು ಬಯಲಾಗುವ ಮೊದಲೂ ಆಮೇಲೂ ಕಥೆಗಳಲ್ಲಿ ಒಂದಕ್ಷರ ಬದಲಾಗಿರಲಿಲ್ಲ. ಬದಲಾದದ್ದು ಓದುವವರ ತಲೆಯೊಳಗಿದ್ದ ಲೇಖಕ.

ಇದು ಹೆಣ್ಣು ಗಂಡಿನ ಪ್ರಶ್ನೆ ಮಾತ್ರ ಎಂದುಕೊಳ್ಳುವವರು ಪಕ್ಕದ ಮಹಾರಾಷ್ಟ್ರದ ಒಂದು ಪ್ರಸಂಗವನ್ನು ಗಮನಿಸಬೇಕು. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತು ವಿಜ್ಞಾನ ಕಥಾಸ್ಪರ್ಧೆ ಏರ್ಪಡಿಸಿತು. ಖಗೋಳ ವಿಜ್ಞಾನಿ ಜಯಂತ ನಾರಳೀಕರ್ ಆಗಲೇ ಪದ್ಮಭೂಷಣ ಪಡೆದು ದೇಶಕ್ಕೆಲ್ಲ ಗೊತ್ತಿದ್ದವರು. ಅವರ ಹೆಸರು ಕಂಡರೆ ಸಾಕು, ತೀರ್ಪುಗಾರರು ಕಥೆಯನ್ನಲ್ಲ, ವಿಜ್ಞಾನಿಯನ್ನು ಓದುತ್ತಿದ್ದರು. ಅದಕ್ಕೇ ಅವರು ತಮ್ಮ ಇನಿಷಿಯಲ್‌ಗಳನ್ನು ತಿರುಗುಮುರುಗು ಮಾಡಿ ನಾರಾಯಣ ವಿನಾಯಕ ಜಗತಾಪ್ ಎಂಬ ಹೆಸರು ಹುಟ್ಟಿಸಿಕೊಂಡರು. ಕೈಬರಹದಿಂದ ಗುರುತು ಸಿಗಬಾರದೆಂದು ಪ್ರತಿಯನ್ನು ಹೆಂಡತಿಯ ಕೈಯಲ್ಲಿ ಬರೆಸಿದರು. ಕಪ್ಪುಕುಳಿಯ ಬಗೆಗಿನ ಆ ಕಥೆಗೆ ಮೊದಲ ಬಹುಮಾನ ಬಂತು. ಅಲ್ಲಿಂದ ಶುರುವಾದ ದಾರಿ 2021ರಲ್ಲಿ ನಾಸಿಕದ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪದವಿಯವರೆಗೆ ಅವರನ್ನು ಕರೆದೊಯ್ದಿತು. ಶೆಲ್ಡನ್ ತಮ್ಮ ಹೆಸರಿನಲ್ಲಿ ಸಿಗದ ಗೌರವವನ್ನು ಹುಡುಕಿದರೆ, ನಾರಳೀಕರ್ ಹೆಸರಿನಿಂದಾಗಿ ಪುಕ್ಕಟೆಯಾಗಿ ಸಿಗಬಹುದಾಗಿದ್ದ ಗೌರವವನ್ನು ದೂರವಿಟ್ಟರು. ಇಬ್ಬರ ಸ್ಥಿತಿಯೂ ತದ್ವಿರುದ್ಧ, ಬೇಕಾದದ್ದು ಮಾತ್ರ ಒಂದೇ: ಕಥೆಯ ತೂಕ ಕಥೆಯಿಂದಲೇ ಗೊತ್ತಾಗಬೇಕು. ಹೊಸಬರು ಕಾವ್ಯನಾಮ ಇಟ್ಟುಕೊಂಡಾಗ ಅವರು ಕೇಳುತ್ತಿರುವುದು ಈ ನ್ಯಾಯವನ್ನೇ.

ಇದಕ್ಕೆ ಬರುವ ಮೊದಲ ಆಕ್ಷೇಪಣೆ, ಹೆಸರು ಮರೆಸುವುದು ಓದುಗರಿಗೆ ಬಗೆದ ವಂಚನೆ ಎಂಬುದು. ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು, ಏಕೆಂದರೆ ವಂಚನೆಯಾಗುವ ಕಾವ್ಯನಾಮಗಳೂ ಇವೆ. 2015ರಲ್ಲಿ ಅಮೆರಿಕದ ಒಂದು ಪ್ರತಿಷ್ಠಿತ ವಾರ್ಷಿಕ ಕವನ ಸಂಕಲನಕ್ಕೆ ಯಿ-ಫೆನ್ ಚೌ ಎಂಬ ಹೆಸರಿನ ಕವಿತೆ ಆಯ್ಕೆಯಾಯಿತು. ಬರೆದವರು ಮೈಕಲ್ ಡೆರಿಕ್ ಹಡ್ಸನ್ ಎಂಬ ಬಿಳಿಯರು. ತಮ್ಮ ಹೆಸರಿನಲ್ಲಿ ಪದೇ ಪದೇ ತಿರಸ್ಕೃತವಾದ ಕವಿತೆಯನ್ನು ಚೀನೀ ಹೆಸರಿನಲ್ಲಿ ಕಳಿಸಿದ್ದಾಗಿ ಅವರೇ ಹೇಳಿದರು. ಏಷ್ಯಾ ಮೂಲದ ಕವಿಗಳಿಗೆ ಅದು ನೋವು ತಂದದ್ದು ಸಹಜ. ಅವರ ಸಮುದಾಯಕ್ಕೆ ಕಷ್ಟದಿಂದ ತೆರೆದಿದ್ದ ಜಾಗವನ್ನು ಆ ಸಮುದಾಯದ ಕಷ್ಟ ಉಣ್ಣದ ಒಬ್ಬರು ಆಕ್ರಮಿಸಿಕೊಂಡಿದ್ದರು. ಹಾಗಾದರೆ ಗೆರೆ ಎಳೆಯುವುದೆಲ್ಲಿ? ತನ್ನ ಬರಹ ಮತ್ತು ಓದುಗರ ನಡುವೆ ನಿಂತ ಪೂರ್ವಗ್ರಹವನ್ನು ಸರಿಸಲು ಹೆಸರು ಬದಲಿಸುವುದು ನ್ಯಾಯ. ಇನ್ನೊಬ್ಬರ ಬದುಕಿನ ಅನುಭವಕ್ಕೆ ತಾನು ವಾರಸುದಾರನೆಂದು ನಂಬಿಸಿ ಅವರ ಪಾಲು ಪಡೆಯಲು ಬದಲಿಸುವುದು ಅನ್ಯಾಯ. ಈ ಗೆರೆಯ ಮೇಲೆ ನಿಂತು ನೋಡಿದರೆ ಟಿಪ್‌ಟ್ರೀ ಪೂರ್ತಿ ಸುರಕ್ಷಿತವಾಗಿಲ್ಲ ಎಂದೂ ಒಪ್ಪಬೇಕು. ವಿಜ್ಞಾನ ಕಥೆಯಲ್ಲಿ ಹೆಣ್ಣಿನ ಸ್ಥಾನದ ಬಗ್ಗೆ ಪತ್ರಗಳ ಮೂಲಕ ನಡೆದ ಚರ್ಚೆಯಲ್ಲಿ ಅವರು ಗಂಡಸಾಗಿಯೇ ಪಾಲ್ಗೊಂಡರು. ಹೆಂಗಸರನ್ನು ಕುರಿತ ಅವರ ಪ್ರಸಿದ್ಧ ಕಥೆಯೊಂದು ನೆಬ್ಯುಲಾ ಪ್ರಶಸ್ತಿಯ ಕಣಕ್ಕೆ ಬಂದಾಗ ತಾವೇ ಹಿಂತೆಗೆದುಕೊಂಡರು. ಗಂಡಸೊಬ್ಬ ಹೆಣ್ಣಿನ ಮನಸ್ಸನ್ನು ಇಷ್ಟು ಚೆನ್ನಾಗಿ ಬಲ್ಲನಲ್ಲಾ ಎಂಬ ಮೆಚ್ಚುಗೆ ಅದರಲ್ಲಿ ಬೆರೆತಿದೆ ಎಂದು ಅವರಿಗೆ ಅನ್ನಿಸಿತ್ತು. ತನಗೆ ಸಲ್ಲದ್ದನ್ನು ಬಿಟ್ಟುಕೊಡುವ ಈ ಎಚ್ಚರವೇ ಕಾವ್ಯನಾಮವನ್ನು ಮರ್ಯಾದೆಯ ವಸ್ತುವಾಗಿ ಉಳಿಸುತ್ತದೆ.

ಎರಡನೆಯ ಆಕ್ಷೇಪಣೆ, ಕಾಲ ಬದಲಾಗಿದೆ, ಇನ್ನು ಮರೆಯ ಅಗತ್ಯವಿಲ್ಲ ಎಂಬುದು. 1969ರಲ್ಲಿ ಅರ್ಸುಲಾ ಲೆ ಗ್ವಿನ್ ಅವರ ಕಥೆಯನ್ನು ಪ್ಲೇಬಾಯ್ ಪತ್ರಿಕೆ ‘ಯು.ಕೆ. ಲೆ ಗ್ವಿನ್’ ಎಂದು ಅಚ್ಚು ಹಾಕಿತ್ತು. 2016, 2017, 2018ರಲ್ಲಿ ಕಪ್ಪು ಮಹಿಳೆ ಎನ್.ಕೆ. ಜೆಮಿಸಿನ್ ಸತತ ಮೂರು ವರ್ಷ ಅತ್ಯುತ್ತಮ ಕಾದಂಬರಿಯ ಹ್ಯೂಗೊ ಗೆದ್ದರು. ಈ ಬದಲಾವಣೆ ದೊಡ್ಡದು, ಅದಕ್ಕಾಗಿ ಹೋರಾಡಿದವರಿಗೆ ಋಣಿಯಾಗಿರಬೇಕು. ಆದರೆ ನಡುವೆಯೇ, 2015ರಲ್ಲಿ, ಬಹುಮಾನಗಳು ಬರಹಗಾರರ ಹಿನ್ನೆಲೆ ನೋಡಿ ಹೋಗುತ್ತಿವೆ ಎಂದು ದೂರುತ್ತಿದ್ದ ಗುಂಪುಗಳು ತಮ್ಮ ಪಟ್ಟಿಯನ್ನು ಹ್ಯೂಗೊ ಕಣಕ್ಕೆ ತುಂಬಿದವು. ವರ್ಲ್ಡ್‌ಕಾನ್ ಸದಸ್ಯರು ಐದು ವಿಭಾಗಗಳಲ್ಲಿ ಯಾರಿಗೂ ಪ್ರಶಸ್ತಿ ಬೇಡವೆಂದು ಮತ ಹಾಕಿ ಉತ್ತರ ಕೊಟ್ಟರು. 2023ರಲ್ಲಿ ಚೀನಾದ ಚೆಂಗ್ಡು ನಗರದಲ್ಲಿ ವರ್ಲ್ಡ್‌ಕಾನ್ ನಡೆದಾಗ ಆರ್.ಎಫ್. ಕುವಾಂಗ್ ಅವರ ‘ಬೇಬಲ್’ ಕಾದಂಬರಿಯೂ ಸೇರಿದಂತೆ ಕೆಲವು ಹೆಸರುಗಳು ಸರಿಯಾದ ವಿವರಣೆಯಿಲ್ಲದೆ ಹ್ಯೂಗೊ ಪ್ರಶಸ್ತಿಗೆ ಅನರ್ಹವಾದವು. ಪ್ರಶಸ್ತಿ ನಿರ್ವಹಿಸಿದವರಲ್ಲಿ ಕೆಲವರು ಲೇಖಕರ ರಾಜಕೀಯ ಮಾತುಗಳನ್ನು ಜಾಲಾಡಿ ಟಿಪ್ಪಣಿ ಮಾಡಿಕೊಂಡಿದ್ದು 2024ರಲ್ಲಿ ಬಯಲಿಗೆ ಬಂತು. ಬಾಗಿಲು ಕಾಯುವವರು ಬದಲಾದರು, ನೋಡುವ ಗುರುತು ಬದಲಾಯಿತು. ಪುಸ್ತಕಕ್ಕೆ ಮೊದಲು ವ್ಯಕ್ತಿಯನ್ನು ಅಳೆಯುವ ಚಾಳಿ ಉಳಿದಿದೆ. ಅದು ಉಳಿದಿರುವವರೆಗೆ ಮರೆಯ ಹೆಸರು ಬೇಡವೆಂದು ಹೊಸಬರಿಗೆ ಹೇಳುವ ಹಕ್ಕು ನಮಗಿಲ್ಲ.

ಮೂರನೆಯ ಆಕ್ಷೇಪಣೆ ಎಲ್ಲಕ್ಕಿಂತ ಬಲವಾದದ್ದು. ಮುಚ್ಚಿಟ್ಟುಕೊಂಡು ಬರೆಯುವವರು ಒಂಟಿಯಾಗುತ್ತಾರೆ, ಒಂಟಿಯಾದವರು ಬೆಳೆಯುವುದು ಕಷ್ಟ ಎನ್ನುತ್ತಾರೆ. ಇದರಲ್ಲಿ ಸತ್ಯವಿದೆ. ಟಿಪ್‌ಟ್ರೀ ಗೆಳೆತನ ಕಟ್ಟಿಕೊಂಡದ್ದು ಪತ್ರಗಳಲ್ಲಿ ಮಾತ್ರ; ಲೆ ಗ್ವಿನ್ ಅವರಂಥ ಆಪ್ತರೊಂದಿಗೂ ಒಂದು ಪರದೆ ಇದ್ದೇ ಇತ್ತು. ಇದಕ್ಕೆ ಎದುರಾಗಿ ಆಕ್ಟೇವಿಯಾ ಬಟ್ಲರ್ ಅವರನ್ನು ನೋಡಿ. ಬಡತನದಲ್ಲಿ ಬೆಳೆದ, ಸಂಕೋಚದ ಸ್ವಭಾವದ ಈ ಕಪ್ಪು ಹೆಣ್ಣುಮಗಳು 1970ರಲ್ಲಿ ವಿಜ್ಞಾನ ಕಥೆ ಬರೆಯುವವರ ಕ್ಲಾರಿಯನ್ ಕಮ್ಮಟಕ್ಕೆ ಹೋಗಿ ಅಲ್ಲೇ ತಮ್ಮ ಮೊದಲ ಕಥೆಗಳನ್ನು ಮಾರಿದರು. ಆದರೆ ಆ ಕಮ್ಮಟದಲ್ಲಿ ಏನು ನಡೆಯುತ್ತಿತ್ತು ಎಂಬುದನ್ನೂ ಗಮನಿಸಬೇಕು. 1956ರಲ್ಲಿ ಡೇಮನ್ ನೈಟ್ ಮತ್ತು ಗೆಳೆಯರು ಪೆನ್ಸಿಲ್ವೇನಿಯಾದ ಮಿಲ್ಫರ್ಡ್‌ನಲ್ಲಿ ರೂಪಿಸಿದ ಪದ್ಧತಿಯಂತೆ, ಎಲ್ಲರೂ ಮೊದಲೇ ಕಥೆ ಓದಿಕೊಂಡು ಬರುತ್ತಾರೆ, ಒಬ್ಬೊಬ್ಬರಾಗಿ ಅದರ ಬಗ್ಗೆ ಮಾತಾಡುತ್ತಾರೆ, ಬರೆದವರು ಕೊನೆಯವರೆಗೂ ಸುಮ್ಮನೆ ಕೇಳಬೇಕು. ಅಂದರೆ ಒಳ್ಳೆಯ ಕೂಟವೊಂದು ಮುಖಾಮುಖಿಯಾಗಿದ್ದೂ ಕಥೆಯನ್ನೇ ಮುಂದಿಡಬಲ್ಲದು. ಹೆಸರಿನ ವಿಷಯದಲ್ಲೂ ಸಮ್ಮೇಳನಗಳಿಗೆ ಒಳ್ಳೆಯ ಹಳೆಯ ರೂಢಿಗಳಿವೆ. ವಿಲ್ಸನ್ ಟಕ್ಕರ್ ಎಂಬ ಕಾದಂಬರಿಕಾರ ಅಭಿಮಾನಿಗಳ ನಡುವೆ ದಶಕಗಳ ಕಾಲ ಬಾಬ್ ಟಕ್ಕರ್ ಆಗಿ ಓಡಾಡಿದರು, ಯಾರಿಗೂ ತೊಂದರೆಯಾಗಲಿಲ್ಲ. ಕೊರಳಿಗೆ ತೂಗುವ ಬ್ಯಾಡ್ಜಿನ ಮೇಲೆ ತಮಗೆ ಬೇಕಾದ ಹೆಸರು ಹಾಕಿಸಿಕೊಳ್ಳುವ ಪದ್ಧತಿ ಈ ಸಮ್ಮೇಳನಗಳಲ್ಲಿ ಮಾಮೂಲು. 2013ರಲ್ಲಿ ಕಾದಂಬರಿಕಾರ ಜಾನ್ ಸ್ಕಾಲ್ಜಿ, ಕಿರುಕುಳ ತಡೆಯುವ ಸ್ಪಷ್ಟ ನಿಯಮವಿಲ್ಲದ ಸಮ್ಮೇಳನಗಳಿಗೆ ತಾವು ಅತಿಥಿಯಾಗಿ ಬರುವುದಿಲ್ಲ ಎಂದು ಸಾರಿದಾಗ ಬಹಳ ಬರಹಗಾರರು ದನಿಗೂಡಿಸಿದರು. ಹೀಗಾಗಿ ಮರೆ ಮತ್ತು ಒಡನಾಟಗಳಲ್ಲಿ ಒಂದನ್ನೇ ಆರಿಸಿಕೊಳ್ಳಬೇಕಾದ ಅನಿವಾರ್ಯ ಹುಟ್ಟುವುದು ಸಂಘಟಕರ ಅಲಕ್ಷ್ಯದಿಂದ. ಅದನ್ನು ತಪ್ಪಿಸುವುದು ಅವರ ಕೈಯಲ್ಲೇ ಇದೆ.

ಹೆಸರು ಆರಿಸಿಕೊಳ್ಳುವವರಿಗೂ ಕೆಲವು ಹೊಣೆಗಳಿವೆ. ಅದೇ ಭಾಷೆಯಲ್ಲಿ ಇನ್ನೊಬ್ಬರು ಬಳಸುತ್ತಿರುವ ಹೆಸರು ಬೇಡ. ಹುಟ್ಟಿನಿಂದ ಬಾರದ ಜಾತಿ, ಜನಾಂಗ, ಸಂಕಟಗಳ ಗುರುತನ್ನು ಹೊತ್ತ ಹೆಸರು ಬೇಡವೇ ಬೇಡ. ಸಂಪಾದಕರಿಗೂ ಪ್ರಕಾಶಕರಿಗೂ ನಿಜ ಹೆಸರು ತಿಳಿಸಿ, ಒಪ್ಪಂದ ಮತ್ತು ಸಂಭಾವನೆಗಳನ್ನು ಅದರಲ್ಲೇ ಇಟ್ಟುಕೊಳ್ಳುವುದು ಕ್ಷೇಮ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯಿದೆ ಕಾವ್ಯನಾಮದ ಕೃತಿಯನ್ನೂ ಕಾಪಾಡುತ್ತದೆ, ಆದರೆ ಲೆಕ್ಕ ಬೇರೆ: ಲೇಖಕರು ಯಾರೆಂದು ಗೊತ್ತಿದ್ದರೆ ಅವರ ಮರಣದ ನಂತರ 60 ವರ್ಷ, ಗೊತ್ತಿಲ್ಲದಿದ್ದರೆ ಕೃತಿ ಪ್ರಕಟವಾದ ನಂತರ 60 ವರ್ಷ ಮಾತ್ರ, ಆ ಅವಧಿ ಮುಗಿಯುವುದರೊಳಗೆ ಗುರುತು ಹೊರಬಿದ್ದರೆ ಮತ್ತೆ ಮರಣದಿಂದ ಎಣಿಕೆ. ಇಪ್ಪತ್ತೈದರ ಹರೆಯದಲ್ಲಿ ಬರೆದವರ ವಾರಸುದಾರರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಕನ್ನಡಕ್ಕೆ ಇದೆಲ್ಲ ಹೊರಗಿನ ಕಥೆಯಲ್ಲ. ಬೇಂದ್ರೆ ಅಂಬಿಕಾತನಯದತ್ತರಾಗಿ, ಮಾಸ್ತಿ ಶ್ರೀನಿವಾಸರಾಗಿ, ಅನಸೂಯಾ ಶಂಕರ್ ತ್ರಿವೇಣಿಯಾಗಿ ಬರೆದ ಭಾಷೆ ಇದು. ಕಾವ್ಯನಾಮವನ್ನು ಅನುಮಾನದಿಂದ ನೋಡಲು ನಮಗೆ ಕಾರಣವೇ ಇಲ್ಲ. ವಿಜ್ಞಾನ ಕಥೆಯಲ್ಲೂ ರಾಜಶೇಖರ ಭೂಸನೂರಮಠರು ಸ್ವಂತ ಹೆಸರಿನಲ್ಲಿ ಬರೆದರೆ ಪಿ.ಎನ್. ರಂಗನ್ ‘ಮನು’ ಆಗಿ ಬರೆದರು, ಎರಡನ್ನೂ ಓದುಗರು ಸ್ವೀಕರಿಸಿದರು. ನಮ್ಮಲ್ಲಿ ಕೊರತೆಯಿರುವುದು ಒಡನಾಟದ ಕಡೆಗೆ. ಬಾಹ್ಯಾಕಾಶ, ಜೀವವಿಜ್ಞಾನ, ಕಂಪ್ಯೂಟರ್‌ಗಳ ನೂರಾರು ಸಂಸ್ಥೆಗಳಿರುವ ಬೆಂಗಳೂರಿನಲ್ಲಿ, ಅಲ್ಲಿ ದುಡಿಯುವ ಕನ್ನಡದ ಹುಡುಗ ಹುಡುಗಿಯರು ಬರೆದ ವಿಜ್ಞಾನ ಕಥೆಯನ್ನು ಕೂತು ಓದಿ, ತಿದ್ದಿ, ಮುಂದೆ ತರುವ ನೆಲೆಗೊಂಡ ಕೂಟದ ಪರಂಪರೆ ಬೆಳೆದಿಲ್ಲ. ಇಂಥವರಲ್ಲಿ ಎಷ್ಟೋ ಮಂದಿಗೆ ಉದ್ಯೋಗದ ಒಪ್ಪಂದ, ಮೇಲಧಿಕಾರಿಗಳ ಮುನಿಸು, ಮನೆಯವರ ಹಿಂಜರಿಕೆ ಇವೆಲ್ಲ ಅಡ್ಡ ನಿಲ್ಲಬಹುದು. ಹೆಸರಿನಲ್ಲೇ ಊರು, ಮನೆತನ, ಜಾತಿ ಓದಿಬಿಡುವ ನಮ್ಮ ಸಮಾಜದಲ್ಲಿ ಹೆಸರಿಲ್ಲದೆ ಓದಿಸಿಕೊಳ್ಳುವ ಆಸೆಗೆ ಇನ್ನೂ ಹೆಚ್ಚಿನ ಅರ್ಥವಿದೆ.

ಪರಿಹಾರಕ್ಕೆ ಹೊಸ ಯಂತ್ರವೇನೂ ಬೇಕಿಲ್ಲ. ಕಥೆಯ ಹಾಳೆಗಳಲ್ಲಿ ಹೆಸರು ಬರೆಯದೆ, ವಿಳಾಸವನ್ನು ಬೇರೆ ಹಾಳೆಯಲ್ಲಿ ಕಳಿಸುವ ಕಥಾಸ್ಪರ್ಧೆಯ ಪದ್ಧತಿ ನಮ್ಮ ವಿಶೇಷಾಂಕಗಳ ಓದುಗರಿಗೆ ಗೊತ್ತಿರುವಂಥದ್ದೇ. ಸಾಹಿತ್ಯ ಪರಿಷತ್ತಾಗಲಿ, ವಿಜ್ಞಾನ ಪರಿಷತ್ತಾಗಲಿ, ವಿಶ್ವವಿದ್ಯಾಲಯವಾಗಲಿ ಅದೇ ಪದ್ಧತಿಯಲ್ಲಿ ವರ್ಷಕ್ಕೊಮ್ಮೆ ವಿಜ್ಞಾನ ಕಥೆಗಳನ್ನು ಕರೆಯಲಿ. ಆಯ್ಕೆಯಾದ ಕಥೆಗಳ ಲೇಖಕರನ್ನು ಒಂದು ವಾರದ ಕಮ್ಮಟಕ್ಕೆ ಸೇರಿಸಲಿ. ಬ್ಯಾಡ್ಜಿನಲ್ಲಿ ಅವರವರು ಆರಿಸಿಕೊಂಡ ಹೆಸರಿರಲಿ, ಅನುಮತಿ ಇಲ್ಲದೆ ಫೋಟೊ ತೆಗೆಯಕೂಡದು ಎಂಬ ನಿಯಮವಿರಲಿ, ಕಿರುಕುಳದ ದೂರು ಕೇಳಲು ಹೊಣೆ ಹೊತ್ತವರಿರಲಿ, ದೂರದ ಊರಿನವರಿಗೆ ಪ್ರಯಾಣದ ಖರ್ಚು ಕೊಡಲಿ. ಅಲ್ಲಿ ಮಾತಾಗಬೇಕಾದದ್ದು ಕಥೆಯ ವಿಜ್ಞಾನ ನಿಲ್ಲುತ್ತದೆಯೇ, ಪಾತ್ರ ಉಸಿರಾಡುತ್ತದೆಯೇ, ಕನ್ನಡ ಚೆನ್ನಾಗಿದೆಯೇ ಎಂಬುದು. ನಿಜ ಹೆಸರು ಹೇಳಿಕೊಳ್ಳುವುದೋ ಬೇಡವೋ ಎಂಬ ತೀರ್ಮಾನ ಬರೆದವರಿಗೆ ಸೇರಿದ್ದು, ಎಂದು ಹೇಳಬೇಕೆಂಬ ಕಾಲ ನಿರ್ಣಯವೂ ಅವರದೇ. ಇಷ್ಟು ಭರವಸೆ ಕೊಡಬಲ್ಲ ಕೂಟವೊಂದು ಕನ್ನಡದಲ್ಲಿ ನೆಲೆ ನಿಂತರೆ, ಹೆಸರು ಬಯಲಾಗುವ ಅಂಜಿಕೆಯಿಂದ ಇಂದು ಬರೆಯದೇ ಉಳಿದವರು ಬರೆಯತೊಡಗುತ್ತಾರೆ ಎಂಬ ನಂಬಿಕೆ ನನಗಿದೆ.